ಬಯೋ ಎಂಝೈಮ್ ಹಾಕಿ ಫರಸಿ ಒರಸಿದೆ, ಬೆಳ್ಳನ ಚುಕ್ಕಿ ಬಿದ್ದಾವ. ಮನ್ಯಾಗ ಕ್ಲೀನರ್ ಮಾಡಿ ಗೊತ್ತಿದ್ದವ್ರು ಹೇಳ್ರಿ

ಗುಮ್ಮಟದ ಹಿಂದಿನ ಓಣಿ (ವಿಜಯಪುರ)

ನಮಸ್ಕಾರ ರೀ ಎಲ್ಲಾರಿಗೂ. ನಮ್ಮ ಮನಿ ಹಳೇದು, ಪಡಸಾಲಿಗೆ ಶಹಾಬಾದ ಫರಸಿ ಅದ, ಅಡಗಿ ಮನಿಗೆ ಮಾತ್ರ ನಾಕ ವರ್ಷದ ಹಿಂದ ಟೈಲ್ಸ್ ಕೂಡ್ರಿಸೀವಿ. ಸಣ್ಣ ಮಗಗ ಫಿನಾಯಿಲ್ ವಾಸನಿ ಬಂದ್ರ ಸಾಕು ಕೆಮ್ಮ ಹತ್ತತದ, ಅದಕ್ಕ ಒರಸೂದು ತಿಕ್ಕೂದು ಎಲ್ಲಾ ನಮ್ಮ ಕೈಲೆ ಮಾಡಿದ್ದರಾಗ ಆಗ್ಬೇಕು ಅಂತ ಹಟಾ ಹಿಡದೆ. ನಮ್ಮ ತವರಮನಿ ಇಂಡಿ ಕಡೆ, ಲಿಂಬಿ ತ್ವಾಟ ಅದ, ಪ್ಯಾಟಿಗೆ ಹೋಗಲಾರದ ಕಾಯಿ ಚೀಲಗಟ್ಲೆ ಬರ್ತಾವ. ರಸ ತಗದು ಉಳದ ಸಿಪ್ಪಿಗೆ ಬೆಲ್ಲ ನೀರು ಹಾಕಿ ಮೂರ ತಿಂಗಳ ಇಟ್ಟು ಬಯೋ ಎಂಝೈಮ್ ಮಾಡಿದೆ. ಮೊದಲನೇ ಬಾಟ್ಲಿ ಏಪ್ರಿಲ್‌ದಾಗ ರಾತ್ರಿ ಎರಡಕ್ಕ ಢಬ್ ಅಂತ ಹಾರಿ ಮುಚ್ಚಳ ಹೋಗಿ ಫ್ಯಾನಿಗೆ ಬಡೀತು, ಮನಿಯವ್ರು ಸಿಲಿಂಡರ್ ಒಡೀತು ಅಂತ ಬನಿಯನ್ ಮ್ಯಾಲೆ ಓಣಿಗೆ ಓಡಿದ್ರು, ಅದು ಬ್ಯಾರೆ ಕತಿ. ಎರಡನೇದು ಛಲೋ ಬಂತು, ಹುಳಿ ಹುಳಿ ವಾಸನಿ, ಚಹಾದ ಬಣ್ಣ.

ಈಗ ತ್ರಾಸ ಏನಂದ್ರ, ಇಪ್ಪತ್ತ ದಿವಸ ಆತು ಬಕೆಟ್ ನೀರಿಗೆ ಅರ್ಧ ತಂಬಗಿ ಹಾಕಿ ಪಡಸಾಲಿ ಒರಸಲಿಕತ್ತೀನಿ, ಕಲಿ ಇದ್ದಲ್ಲಿ ನೀರ ಕೂಡಸಲಾರದ ಹಂಗ ಸುರುವಿದೆ. ನಿನ್ನಿ ಮುಂಜಾನೆ ಬಾಗಲದಿಂದ ಬಿಸಲ ಬಿದ್ದಾಗ ನೋಡ್ತೀನಿ, ಫರಸಿ ಮಿಂಚ ಎಲ್ಲಾ ಹೋಗಿ ಮಬ್ಬ ಆಗೇದ, ಸುರುವಿದಲ್ಲಿ ಹನಿ ಬಿದ್ದ ಆಕಾರದಾಗ ಬೆಳ್ಳನ ಚುಕ್ಕಿ, ಬೆರಳಲೆ ಸವರಿದ್ರ ಉರುಟ ಉರುಟ. ತಿಕ್ಕಿದ್ರೂ ಹೋಗವಲ್ದು. ಇನ್ನೊಂದಿಷ್ಟ ಎಂಝೈಮ್ ಹಾಕಿ ತಿಕ್ಕಿದೆ, ಮತ್ತಷ್ಟ ಆತು. ಅತ್ತಿಯವರು ಸೊಲ್ಲಾಪುರಕ್ಕ ನಾದಿನಿ ಮನಿಗೆ ಹೋಗ್ಯಾರ, ಮುಂದಿನ ವಾರ ಬರ್ತಾರ. ಆ ಫರಸಿ ಮಾವನವರು ಮುಂದ ನಿಂತು ಹಾಕಿಸಿದ್ದು. ಯಾರರ ದಾರಿ ಹೇಳ್ರಿ.

ನಂಬಂಗಿಲ್ಲ (ಬೆಳಗಾವಿ)

ಅಕ್ಕಾರ, ಸಿಪ್ಪಿ ಕೊಳಿಸಿ ನೆಲಾ ಒರಸೂದಂದ್ರ ಏನ್ರಿ. ಅಂಗಡ್ಯಾಗಿಂದ ಬಾಟ್ಲಿ ತಂದು ಎರಡ ಮುಚ್ಚಳ ಹಾಕಿದ್ರ ಮುಗೀತು. ವಿಡಿಯೋ ನೋಡಿ ನೋಡಿ ನಮ್ಮ ಮನ್ಯಾಗೂ ಫ್ರಿಜ್ ತುಂಬ ಬಾಟ್ಲಿ ಆಗ್ಯಾವ, ಯಾವುದು ಕುಡಿಯೂದು ಯಾವುದು ಸಂಡಾಸಕ್ಕ ಹಾಕೂದು ತಿಳಿವಲ್ದು.

ಖಾನಾವಳಿ ಅಕ್ಕ (ಬಾಗಲಕೋಟಿ)

ಮೊದಲ ಬಾಟ್ಲಿ ಮ್ಯಾಲೆ ಚೀಟಿ ಅಂಟಸಪಾ ತಮ್ಮಾ. ನಗಿಮಾತಲ್ಲ ಇದು, ಕುಡಿಯೂ ನೀರಿನ ಬಾಟ್ಲ್ಯಾಗ ಇಂಥಾವು ತುಂಬಿ ಇಡಲೇಬಾರದು.

ರಸಾಯನ ಮಾಸ್ತರ (ಬಾಗಲಕೋಟಿ)

ತಾಯಿ, ಮೊದಲ ನಿಲ್ಲಸ್ರಿ. ಇನ್ನೊಂದ ಹನಿನೂ ಆ ಫರಸಿ ಮ್ಯಾಲೆ ಹಾಕಬ್ಯಾಡ್ರಿ. ಹೈಸ್ಕೂಲ್ ಹುಡುಗರಿಗೆ ಇದನ್ನ ಕಲಿಸಿಕೋತ ಕೂದಲ ಬೆಳ್ಳಗ ಮಾಡಿಕೊಂಡವ ನಾನು, ಹೇಳ್ತೀನಿ ಕೇಳ್ರಿ. ಶಹಾಬಾದ ಕಲ್ಲು ಅಂದ್ರ ಸುಣ್ಣದ ಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟ್. ನೀವು ಮಾಡಿದ್ದು ಹುಳಿ. ಸಿಪ್ಪಿ ಬೆಲ್ಲ ಹುದುಗಿದಾಗ ಮೊದಲ ಸ್ವಲ್ಪ ಆಲ್ಕೋಹಾಲ್ ಆಗತೈತಿ, ಆಮ್ಯಾಲೆ ಅದು ವಿನಿಗರ್‌ನ್ಯಾಗ ಇರೂ ಅಸಿಟಿಕ್ ಆಸಿಡ್ ಆಗತೈತಿ, ಲಿಂಬಿ ಸಿಪ್ಪ್ಯಾಗಿನ ಸಿಟ್ರಿಕ್ ಆಸಿಡ್ ಮತ್ತ ಬ್ಯಾರೆ. ಇವು ಸುಣ್ಣದ ಕಲ್ಲಿಗೆ ತಾಗಿದ್ರ ಕಲ್ಲ ಕರಗತೈತಿ, ಕಾರ್ಬನ್ ಡೈಆಕ್ಸೈಡ್ ಗುಳ್ಳಿ ಬರತಾವ. ನಿಮ್ಮ ಫರಸಿ ಮ್ಯಾಲೆ ಬಿದ್ದಿದ್ದು ಕಲಿ ಅಲ್ರಿ, ತೆಗ್ಗು. ಅದಕ್ಕ ತಿಕ್ಕಿದ್ರ ಹೋಗವಲ್ದು.

ನಂಬಿಗಿ ಬರದಿದ್ರ ಎಲ್ಲಾರೂ ಒಂದ ಪರೀಕ್ಷಾ ಮಾಡ್ರಿ, ಒಡದ ಫರಸಿ ತುಂಡ ಹಿತ್ತಲದಾಗ ಇದ್ದಿದ್ದ ಇರತೈತಿ, ಅದರ ಮ್ಯಾಲೆ ಎರಡ ಹನಿ ಲಿಂಬಿ ರಸ ಹಾಕಿ ಕಣ್ಣ ಹತ್ರ ಇಟ್ಟು ನೋಡ್ರಿ, ಸಣ್ಣ ಸಣ್ಣ ಗುಳ್ಳಿ ಏಳತಾವ. ಇಳಕಲ್ಲ ಕೆಂಪ ಗ್ರಾನೈಟ್ ತುಂಡಿನ ಮ್ಯಾಲೆ ಹಾಕ್ರಿ, ಏನೂ ಆಗಂಗಿಲ್ಲ, ಅದು ಬ್ಯಾರೆ ಜಾತಿ ಕಲ್ಲು. ಗುಳ್ಳಿ ಎದ್ದ ಕಲ್ಲಿಗೆ ಲಿಂಬಿ, ವಿನಿಗರ್, ಹುಣಸಿ, ಎಂಝೈಮ್ ಯಾವುದೂ ತಾಗಸಬಾರದು. ಮಾರ್ಬಲ್‌ಗೂ ಅದೇ ಮಾತು, ಕಡಪಾ ಕಲ್ಲಿಗೂ ಅದೇ. ಹಳೇ ಮನ್ಯಾಗ ಇರೂ ಮೊಸಾಯಿಕ್‌ಗೂ ಅದೇ, ಯಾಕಂದ್ರ ಅದರಾಗ ಮಾರ್ಬಲ್ ಹರಳು ಮತ್ತ ಸಿಮೆಂಟ್ ಇರತಾವ. ಈಗಿನ ವಿಟ್ರಿಫೈಡ್ ಟೈಲ್ಸ್‌ಗೆ ಏನೂ ಆಗಂಗಿಲ್ಲ, ಆದ್ರ ಟೈಲ್ಸ್ ನಡುವಿನ ಸಂದಿಗೆ ಸಿಮೆಂಟ್ ತುಂಬಿದ್ರ ಅದನ್ನ ದಿನಾ ಸ್ವಲ್ಪ ಸ್ವಲ್ಪ ತಿಂತೈತಿ.

ಗುಮ್ಮಟದ ಹಿಂದಿನ ಓಣಿ

ಅಯ್ಯ ಶಿವನ. ಹಂಗಂದ್ರ ಇಪ್ಪತ್ತ ದಿವಸ ನಾ ಮಾವನವರ ಫರಸಿ ಕರಗಸಲಿಕತ್ತಿದ್ದೆ ಅಂತಾತು. ಅದೂ ದಿನಾ ಸ್ನಾನ ಮಾಡಿ ಭಕ್ತಿಲೆ ಒರಸ್ತಿದ್ದೆ ರೀ ಸರ. ಈಗ ಏನ್ ಮಾಡ್ಲಿ?

ರಸಾಯನ ಮಾಸ್ತರ

ಹೋದ ಮಿಂಚ ಯಾವ ನೀರಲೇನೂ ಬರಂಗಿಲ್ಲ. ಫರಸಿ ಪಾಲಿಶ್ ಮಾಡೂ ಮಂದೀನ ಕರಸಿ ಮಷೀನ್ ಹಚ್ಚಿಸ್ರಿ, ಒಂದೇ ಜಾಗಾ ಮಾಡಿದ್ರ ಮತ್ತ ತ್ಯಾಪಿ ಕಂಡಂಗ ಕಾಣತೈತಿ, ಇಡೀ ಪಡಸಾಲಿ ಮಾಡಸ್ಬೇಕು. ಇನ್ನ ಮುಂದ ದಿನಾ ಒರಸಾಕ ಸಾದಾ ನೀರ ಸಾಕು. ಎಣ್ಣಿ ಗಿಣ್ಣಿ ಚೆಲ್ಲಿದ್ರ ಅಂಟವಾಳ ಕಾಯಿ ನೀರು ತಗೋರಿ, ಒರಸಿ ಮತ್ತೊಮ್ಮೆ ಸಾದಾ ನೀರಲೆ ಒರಸ್ರಿ.

ಇಳಕಲ್ಲ ಸೊಸಿ (ಬಾಗಲಕೋಟಿ ಜಿಲ್ಲಾ)

ಅಂಟವಾಳದ ಮಾತ ಬಂತಲ್ಲ, ಅದಕ್ಕ ನಾನೂ ಬಂದೆ. ನಮ್ಮ ಮನ್ಯಾಗ ಮಗ್ಗ ಅದಾವ, ಸೀರಿ ಒಗಿಯೂದು ನಮ್ಮ ಅತ್ತಿ ಕಲಿಸಿದ ಪದ್ಧತಿ. ಬೆಳಗಾವಿ ಕಡೆ ಮಂದಿ ರಿಠಾ ಅಂತ ಕೇಳ್ರಿ, ಕಿರಾಣಿ ಅಂಗಡ್ಯಾಗ, ಪೂಜಾ ಸಾಮಾನದ ಅಂಗಡ್ಯಾಗ ಸಿಗತಾವ. ಹದಿನೈದ ಕಾಯಿ ತಗೊಂಡು ಕುಟ್ಟಾಣ್ಯಾಗ ಮೆಲ್ಲಕ ಒಡದು ಕರೇ ಬೀಜ ತಗದು ಒಗೀರಿ, ನೊರಿ ಎಲ್ಲಾ ಸಿಪ್ಪ್ಯಾಗ ಇರತೈತಿ, ಬೀಜದಾಗ ಏನಿಲ್ಲ. ರಾತ್ರಿ ಒಂದ ಲೀಟರ್ ನೀರಾಗ ನೆನಿ ಹಾಕಿ ಮುಂಜಾನೆ ಅದೇ ನೀರಾಗ ಹತ್ತ ನಿಮಿಷ ಸಣ್ಣ ಉರಿ ಮ್ಯಾಲೆ ಕುದಸ್ರಿ. ಬೋಗಾಣಿ ದೊಡ್ಡದಿರಲಿ, ಹಾಲ ಉಕ್ಕಿದ್ರ ಒಂದ ತರಾ, ಇದು ಉಕ್ಕಿದ್ರ ಗ್ಯಾಸ್ ಕಟ್ಟಿ ಮ್ಯಾಲೆ ಎಲ್ಲಾ ನೊರಿ ಹರದು ಒಲಿ ಆರಿಸಿ ಬಿಡತೈತಿ, ನಾ ಅನುಭವಸೀನಿ. ಆರಿದ ಮ್ಯಾಲೆ ಕೈಲೆ ಕಿವುಚ್ರಿ, ಸಿಪ್ಪಿ ಬೆಂದ ಖಾರೀಕಿನಂಗ ಮೆತ್ತಗ ಆಗಿರತೈತಿ, ಅಂಟ ಅಂಟ, ಅದನ್ನ ಹಳೇ ಧೋತರದ ತುಂಡಿನ್ಯಾಗ ಸೋಸಿ ಹಿಂಡ್ರಿ. ಕಂದ ಬಣ್ಣದ ನೀರ ಬರತೈತಿ, ಬೆಲ್ಲ ಹುಳಿ ಕೂಡಿದಂಥ ವಾಸನಿ. ಕಣ್ಣಿಗೆ ಸಿಡದ್ರ ಮೆಣಸಿನಕಾಯಿ ಉರಿ, ಹುಷಾರ. ಹೊರಗ ಇಟ್ರ ಮೂರ ದಿವಸಕ್ಕ ಕೆಡತೈತಿ, ನಾನು ಐಸ್ ಟ್ರೇದಾಗ ಹಾಕಿ ಗಡ್ಡಿ ಮಾಡಿ ಇಡತೀನಿ, ಬೇಕಾದಾಗ ನಾಕ ಗಡ್ಡಿ.

ಇಳಕಲ್ಲ ಸೀರಿಗೆ ಇದಕ್ಕಿಂತ ಛಲೋದು ಇಲ್ಲ. ತಣ್ಣೀರಾಗ ಕಲಸಿ ಸೀರಿ ಮುಳಗಿಸಿ ಐದ ಹತ್ತ ನಿಮಿಷಕ್ಕ ತಗೀಬೇಕು, ತಾಸಗಟ್ಲೆ ನೆನಿಸಬಾರದು, ಕೆಂಪ ಸೆರಗಿನ ಬಣ್ಣ ಮೈಗೆ ಹತ್ತತೈತಿ. ಹಿಂಡಬ್ಯಾಡ್ರಿ, ಒತ್ತಿ ನೀರ ತಗೀರಿ, ನೆಳ್ಳಾಗ ಒಣಹಾಕ್ರಿ. ಸೋಡಾ ಅಂತೂ ತಾಗಸಲೇಬ್ಯಾಡ್ರಿ, ರೇಶ್ಮಿ ಎಳಿ ಬಿರಸ ಆಗಿ ಹೊಳಪ ಹೋಗತೈತಿ. ಕಸೂತಿ ಹಾಕಿದ ಸೀರಿ ಇದ್ರ ಕಸೂತಿ ದಾರದ ಬಣ್ಣ ಬಿಡತೈತೇನು ಅಂತ ಮೊದಲ ಹಸಿ ಬಿಳೇ ಅರಬಿ ಒತ್ತಿ ನೋಡ್ರಿ.

ಟಿಳಕವಾಡಿ ಫ್ಲ್ಯಾಟ್ (ಬೆಳಗಾವಿ)

ವೈನಿ, ನಾವು ವಾಷಿಂಗ್ ಮಷೀನ್‌ನ್ಯಾಗೂ ಇದನ್ನ ಹಾಕತೀವಿ, ಸಣ್ಣ ಅರಬಿ ಚೀಲದಾಗ ಎಂಟ ಸಿಪ್ಪಿ ಕಟ್ಟಿ ಒಗೆಣಿ ಜೋಡಿ ಒಗದ ಬಿಡೂದು. ಬಿಸಿ ನೀರಿನ ಸೆಟ್ಟಿಂಗ್ ಇದ್ರ ಮಾತ್ರ ಛಲೋ ಬಿಡತೈತಿ. ಖರೇ ಹೇಳ್ಬೇಕಂದ್ರ ದಿನಾ ಹಾಕೂ ಅರಬಿಗೆ ಸಾಕು, ಮಕ್ಕಳ ಶಾಳಿ ಯುನಿಫಾರ್ಮ್ ಕಾಲರ್‌ಗೆ ಸಾಲೂದಿಲ್ಲ, ಬಿಳೇ ಅಂಗಿ ನಾಕ ಸಲಕ್ಕ ಹಳದಿ ಹೊಡದಂಗ ಆದವು. ಅವಕ್ಕ ಪೌಡರೇ ಹಾಕತೀನಿ, ಇದರಾಗ ಹಟಾ ಇಲ್ಲ ನಂದು.

ನಮ್ಮ ತ್ರಾಸ ಬ್ಯಾರೆ, ಮಳಿಗಾಲ. ಜುಲೈ ಬಂತಂದ್ರ ಕಪಾಟಿನ್ಯಾಗ ಬೆಲ್ಟ್ ಮ್ಯಾಲೆ, ಚಪ್ಪಲಿ ಮ್ಯಾಲೆ ಹಸರ ಬೂಷ್ಟ. ವಿನಿಗರ್ ನೀರ ಅರ್ಧಕ್ಕರ್ಧ ಮಾಡಿ ಅರಬಿಲೆ ಒರಸಿ ಫ್ಯಾನ್ ಹಚ್ಚಿ ಒಣಗಸ್ತೀನಿ. ಪ್ಲಾಯ್‌ವುಡ್ ಕಪಾಟಕ್ಕ, ಸನ್ಮಾಯ್ಕಾಕ್ಕ ನಡೀತೈತಿ, ಆದ್ರ ಒಳಗ ಹಸಿ ಉಳದ್ರ ಎಂಟ ದಿವಸಕ್ಕ ಮತ್ತ ಬರತೈತಿ.

ಸವಳ ನೀರು (ವಿಜಯಪುರ ಜಿಲ್ಲಾ)

ನಿಮಗೇನ್ರಿ ಬೆಳಗಾವಿಯವರಿಗೆ, ರಾಕಸಕೊಪ್ಪ, ಹಿಡಕಲ್ ನೀರು. ನಮ್ಮೂರ ಬೋರ್ ನೀರಾಗ ಅಂಟವಾಳ ಹಾಕಿದ್ರೂ ನೊರಿ ಇಲ್ಲ, ಸಾಬೂನ ಹಚ್ಚಿದ್ರೂ ನೊರಿ ಇಲ್ಲ, ಮೈಮ್ಯಾಲೆ ಮೊಸರ ಒಡದಂಗ ಬಿಳೇ ಕೆನಿ ನಿಲ್ಲತೈತಿ. ನಳದ ಬಾಯಾಗ ಸುಣ್ಣ ಕಟ್ಟಿ ನೀರ ಅಡ್ಡ ಸಿಡೀತದ. ನೀರ ಕಾಸೂ ರಾಡ್ ನೋಡಿದ್ರ ಸುಣ್ಣದ ಕಡ್ಡಿ ಆಗೇದ. ನನಗ ಫರಸಿ ಕರಗೂದು ಬ್ಯಾಡ, ಈ ಸುಣ್ಣ ಕರಗೂದು ಬೇಕು.

ರಸಾಯನ ಮಾಸ್ತರ

ಭೇಷ್! ಅಲ್ಲೆ ಹಾಳ ಮಾಡಿದ ಹುಳಿ ಇಲ್ಲೆ ಔಷಧ ಆಗತೈತಿ ನೋಡ್ರಿ, ಯಾಕಂದ್ರ ನಿಮ್ಮ ನಳದಾಗ ಕಟ್ಟಿದ್ದೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಬೋರ್ ನೀರಾಗ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಕರಗಿರತಾವ. ಕುಡಿಯೂ ನೀರಿಗೆ ಗಡಸುತನ ಒಂದ ಲೀಟರ್‌ಗೆ 200 ಮಿಲಿಗ್ರಾಂ ಒಳಗ ಇರಬೇಕು, ಬ್ಯಾರೆ ನೀರ ಇಲ್ಲದಿದ್ರ 600 ತನಕ ನಡೀತೈತಿ ಅಂತ ಭಾರತೀಯ ಮಾನಕ 10500 ಹೇಳತೈತಿ. ಕಾಸಿದಾಗ ಅದರಾಗ ಒಂದ ಭಾಗ ಗಟ್ಟಿಯಾಗಿ ರಾಡಿಗೆ ಹತ್ತತೈತಿ. ಸಾಬೂನಿಗೆ ಕ್ಯಾಲ್ಸಿಯಂ ಕೂಡಿದ್ರ ಕರಗಲಾರದ ಕೆನಿ ಆಗತೈತಿ, ನೀವು ಮೊಸರ ಒಡದಂಗ ಅಂದ್ರಲ್ಲ, ಅದೇ. ಅಂಟವಾಳದ ನೊರಿ ಕಡಿಮಿ ಆದ್ರೂ ಹಂಗ ಕೆನಿ ಕಟ್ಟಂಗಿಲ್ಲ, ನೊರಿ ಇಲ್ಲ ಅಂದ್ರ ಕೊಳಿ ಹೋಗಿಲ್ಲ ಅಂತ ತಿಳ್ಕೋಬ್ಯಾಡ್ರಿ.

ಕಿರಾಣಿ ಅಂಗಡ್ಯಾಗ ಲಿಂಬಿ ಉಪ್ಪು ಅಂತ ಹರಳು ಸಿಗತೈತಿ, ಸಿಟ್ರಿಕ್ ಆಸಿಡ್. ಅಡಗಿಗೂ ಅದನ್ನೇ ಹಾಕತಾರ. ಒಂದ ಲೀಟರ್ ಬಿಸಿ ನೀರಿಗೆ ಎರಡ ಚಮಚಾ ಕಲಸ್ರಿ. ರಾಡ್‌ನ ಪ್ಲಗ್ ಕಿತ್ತು, ಆರಿದ ಮ್ಯಾಲೆ, ಬರೇ ಸುಣ್ಣ ಕಟ್ಟಿದ ಸುರುಳಿ ಅಷ್ಟ ಮುಳಗೂಹಂಗ ಪ್ಲಾಸ್ಟಿಕ್ ಬಕೆಟ್‌ನ್ಯಾಗ ಇಡ್ರಿ, ಮ್ಯಾಲಿನ ಹಿಡಿಕಿಗೆ ನೀರ ತಾಗಬಾರದು. ಚರ್ರ್ ಅಂತ ಗುಳ್ಳಿ ಏಳತಾವ, ಅರ್ಧ ತಾಸಿನ್ಯಾಗ ಪದರ ಪದರ ಕಳಚತೈತಿ. ಗುಳ್ಳಿ ನಿಂತವು ಅಂದ್ರ ಹುಳಿ ತೀರೇತಿ, ಹೊಸಾದು ಮಾಡ್ರಿ. ನಳದ ಬಾಯಿಗೆ ಇದೇ ನೀರಾಗ ತೊಯ್ಸಿದ ಅರಬಿ ಸುತ್ತಿ ಹದಿನೈದ ನಿಮಿಷ, ಜಾಸ್ತಿ ಇಟ್ರ ಮ್ಯಾಲಿನ ಲೇಪ ಹೋದೀತು. ಲಿಂಬಿ ತ್ವಾಟದ ತಾಯಿಯವರು ತಮ್ಮ ಎಂಝೈಮ್ ಇದಕ್ಕ ವಾಪರಸ್ಬಹುದು, ತಡಾ ಆಗತೈತಿ ಅಷ್ಟ.

ನಂಬಂಗಿಲ್ಲ

ಸರ, ಹಂಗಾದ್ರ ವಿಡಿಯೋದಾಗ ಅಡಗಿ ಸೋಡಾ ಮತ್ತ ವಿನಿಗರ್ ಕೂಡಸತಾರಲ್ಲ, ಬುಸ್ಸಂತ ನೊರಿ ಬರತೈತಿ, ಅದು ಭಾಳ ಪವರ್‌ಫುಲ್ ಇರಬೇಕಲ್ಲ? ನಾ ಅದನ್ನ ಸ್ಪ್ರೇ ಬಾಟ್ಲ್ಯಾಗ ತುಂಬಿಡೂ ವಿಚಾರ ಮಾಡೀನಿ.

ರಸಾಯನ ಮಾಸ್ತರ

ಬಾಟ್ಲ್ಯಾಗ ತುಂಬಿ ಮುಚ್ಚಳ ಹಾಕಿದ್ರ ಅಕ್ಕಾರ ಮನಿ ಫ್ಯಾನಿನ ಗತಿ ನಿಮ್ಮದೂ ಆಗತೈತಿ. ಹುಳಿ ಒಂದು, ಕ್ಷಾರ ಒಂದು, ಎರಡೂ ಕೂಡಿದ್ರ ಒಂದನ್ನೊಂದ ತಿಂದು ಮುಗಿಸತಾವ. ನೊರಿ ಅಂದ್ರ ಗಾಳಿ ಹೊಂಟಿದ್ದು. ನೊರಿ ಇಳದ ಮ್ಯಾಲೆ ಉಳಿಯೂದು ನೀರು, ಸೋಡಿಯಂ ಅಸಿಟೇಟ್ ಅನ್ನೂ ಉಪ್ಪು, ಎರಡರಾಗ ಯಾವುದು ಜಾಸ್ತಿ ಆಗಿತ್ತೋ ಅದರದು ಸ್ವಲ್ಪ. ಎರಡಕ್ಕೂ ರೊಕ್ಕಾ ಕೊಟ್ಟು ಉಪ್ಪಿನ ನೀರ ಮಾಡಿದಂಗ. ಎಣ್ಣಿ ಜಿಡ್ಡಿಗೆ ಸೋಡಾ ಹಚ್ಚಿ ತಿಕ್ಕಿ ತೊಳೀರಿ, ಸುಣ್ಣಕ್ಕ ವಿನಿಗರ್. ಒಂದರ ಹಿಂದ ಒಂದ ನಡೀತೈತಿ, ಕೂಡಿಸಿ ಅಲ್ಲ.

ನಂಬಂಗಿಲ್ಲ

ಇಷ್ಟ ದಿವಸ ಗಾಳಿ ನೋಡಿ ಚಪ್ಪಾಳಿ ಹೊಡದೇವಂತಾತು.

ಖಾನಾವಳಿ ಅಕ್ಕ

ಇಲ್ಲೊಂದ ಮಾತ ಹೇಳ್ತೀನಿ, ನಗಬ್ಯಾಡ್ರಿ, ಇದರಾಗ ನಾ ಸಾಯೂದೊಂದ ಬಾಕಿ ಇತ್ತು. ಖಾನಾವಳಿ ಬಚ್ಚಲದಾಗ ನಮ್ಮ ಹುಡುಗ ಮುಂಜಾನೆ ಬ್ಲೀಚಿಂಗ್ ಪೌಡರ್ ಉಗ್ಗಿ ಹೋಗಿದ್ದ, ನನಗ ಗೊತ್ತಿಲ್ಲ, ಪಾಚಿ ಹೋಗ್ಲಿ ಅಂತ ಸಂಡಾಸ ತೊಳಿಯೂ ಆಸಿಡ್ ಮ್ಯಾಲೆ ಸುರುವಿದೆ. ಹಸರ ಹಳದಿ ಹೊಗಿ ಎದ್ದಿತು ನೋಡ್ರಿ, ಮೂಗಿನ್ಯಾಗ ಚಾಕು ಹಾಕಿದಂಗ, ಎದಿ ಹಿಡದು ಕಣ್ಣ ಕಾಣವಲ್ದು, ಗ್ವಾಡಿ ಹಿಡಕೊಂಡ ಹೊರಗ ಬಂದೆ. ಎರಡ ದಿವಸ ದನಿ ಹೊಂಡಲಿಲ್ಲ. ಗಿರಾಕಿ ಎಲ್ಲಾ ಊಟಾ ಬಿಟ್ಟು ರಸ್ತೇದಾಗ ನಿಂತಿದ್ರು. ಅವತ್ತಿನಿಂದ ನಮ್ಮಲ್ಲೆ ಬ್ಲೀಚಿಂಗ್ ಡಬ್ಬಿ ಒಂದ ಮೂಲಿಗೆ, ಆಸಿಡ್ ಮನ್ಯಾಗೇ ಇಲ್ಲ.

ಭಾಂಡೆ ಬಗ್ಗೆ ಕೇಳಿದ್ರ ಹೇಳ್ತೀನಿ, ದಿನಾ ನೂರ ತಾಟ ತಿಕ್ಕಸೂ ಮನಿ ನಮ್ಮದು. ಎಣ್ಣಿಗಾಯಿ ಪಾತೇಲಿಗೆ ಮೊದಲ ಬೂದಿ. ತೊಗರಿ ಕಟಗಿ, ಜ್ವಾಳದ ಕೊಯ್ಲಿ ಉರಿಸಿದ ಬೂದಿ ಸಾಣಗಿ ಹಿಡದು ಡಬ್ಬ್ಯಾಗ ತುಂಬಿಡತೀನಿ, ಕಲ್ಲ ಇದ್ರ ಸ್ಟೀಲಿಗೆ ಗೀರ ಬೀಳತಾವ. ಒಣಾ ಬೂದಿ ಉಗ್ಗಿ ಎಣ್ಣಿ ಹೀರಿಸಿ ಅದನ್ನ ತಗದು ಒಗದು, ಆಮ್ಯಾಲೆ ಹಸಿ ಬೂದಿಲೆ ಹೀರಿಕಾಯಿ ನಾರ ಹಿಡದು ತಿಕ್ಕೂದು. ಕೈ ಬಿರಸ ಆಗತಾವ, ಸುಳ್ಳ ಹೇಳಂಗಿಲ್ಲ, ಕೊಬ್ಬರಿ ಎಣ್ಣಿ ಹಚ್ಚಗೋಬೇಕು. ಜರ್ಮನ್ ಭಾಂಡೆಗೆ, ಅಂದ್ರ ಅಲ್ಯೂಮಿನಿಯಂಗೆ ಮಾತ್ರ ಬೂದಿ ಬ್ಯಾಡ, ಕರ್ರಗ ಆಗತಾವ. ಪರಾತಿಗೆ ಹತ್ತಿದ ಜ್ವಾಳದ ಹಿಟ್ಟಿಗೆ ಬಿಸಿ ನೀರ ಹಾಕಬಾರದು, ಅಲ್ಲೇ ಬೆಂದು ಅಂಟಿ ಕುಂದರತೈತಿ, ತಣ್ಣೀರ ಹಾಕಿ ಹತ್ತ ನಿಮಿಷ ಬಿಡ್ರಿ, ತಾನ ಏಳತೈತಿ. ತಾಮ್ರದ ತಂಬಗಿಗೆ ಸಾರಿಗೆ ಕಿವುಚಿ ಉಳದ ಹುಣಸಿ ಗಸಿ ಮತ್ತ ಉಪ್ಪ, ತೊಳದ ಕೂಡ್ಲೆ ಒರಸಿ ಒಣಗಿಸ್ರಿ, ಹಸೀದ ಬಿಟ್ರ ಸಂಜಿಗೆ ಮತ್ತ ಕಪ್ಪ. ಕಲಾಯಿ ಹಾಕಿದ್ದ ಭಾಂಡೆ ಒಳಗ ಬೂದಿ, ಹುಣಸಿ ಎರಡೂ ಬ್ಯಾಡ.

ರಸಾಯನ ಮಾಸ್ತರ

ಅಕ್ಕಾರ ಹೇಳಿದ ಹೊಗಿ ಕ್ಲೋರಿನ್. ಎಲ್ಲಾರೂ ಗಮನದಾಗ ಇಡ್ರಿ, ಆಸಿಡ್ ಅಂದ್ರ ಬಾಟ್ಲಿ ಆಸಿಡ್ ಅಷ್ಟ ಅಲ್ಲ, ಬ್ಲೀಚಿಂಗ್ ಮ್ಯಾಲೆ ಲಿಂಬಿ, ವಿನಿಗರ್, ಎಂಝೈಮ್ ಯಾವ ಹುಳಿ ಬಿದ್ರೂ ಕ್ಲೋರಿನ್ ಬರತೈತಿ, ಹುಳಿ ಕಡಿಮಿ ಇದ್ರ ಹೊಗಿ ಕಡಿಮಿ ಅಷ್ಟ. ಅಮೋನಿಯಾ ಇರೂ ಕ್ಲೀನರ್ ಕೂಡಿದ್ರ ಬ್ಯಾರೆ ವಿಷದ ಹೊಗಿ. ನ್ಯಾಚುರಲ್ ಅಂತ ಬರದ ಬಾಟ್ಲಿ ಏನೂ ಮಾಡಂಗಿಲ್ಲ ಅನ್ನೂ ಧೈರ್ಯ ಇಲ್ಲೆ ಬ್ಯಾಡ.

ಬೂದಿ ಕೆಲಸ ಮಾಡೂದು ಯಾಕಂದ್ರ ಅದರಾಗ ಪೊಟ್ಯಾಸಿಯಂ ಕಾರ್ಬೊನೇಟ್ ಐತಿ, ಅದು ಕ್ಷಾರ, ಎಣ್ಣಿ ಜೋಡಿ ಕೂಡಿ ಭಾಂಡೆ ಮ್ಯಾಲೇ ಸ್ವಲ್ಪ ಸಾಬೂನ ಆಗತೈತಿ. ಬೂದಿ ಕೈಗೆ ಜಾರಿದಂಗ ಆಗೂದು ಅದಕ್ಕ. ಕಲ್ಲಿದ್ದಲ ಬೂದಿ ಮಾತ್ರ ಭಾಂಡೆಗೆ ತಗೋಬ್ಯಾಡ್ರಿ.

ಮುಳಗಡಿ ಮನಿ (ಬಾಗಲಕೋಟಿ ನವನಗರ)

ಘಟಪ್ರಭಾ ದಂಡಿಗೆ ಅಗಸರು ಸೌಳ ಮಣ್ಣ ಹಚ್ಚಿ ಅರಬಿ ಒಗೀತಿದ್ರು, ನಾ ಸಣ್ಣಾಂವ ಇದ್ದಾಗ ಕಣ್ಣಲೆ ನೋಡೀನಿ. ಸೌಳನ್ಯಾಗ ಅದ್ದಿ ಹಬೆ ಏರಿಸಿ ಬಂಡಿಗೆ ಬಡದು ಒಗದ್ರ ಧೋತರ ಹಾಲಿನಂಗ. ಮಾಸ್ತರ ಹೇಳಿದ ಕ್ಷಾರ ಅದೇ ಇರಬೇಕಲ್ಲ. ಈಗ ಆ ದಂಡಿನೂ ಇಲ್ಲ, ಹಿನ್ನೀರಾಗ ಹೋತು. ಇರ್ಲಿ, ವಿಷಯ ಬಿಟ್ಟ ಎಲ್ಲೋ ಹೋದೆ.

ರಸಾಯನ ಮಾಸ್ತರ

ಹೌದ್ರಿ ಕಾಕಾ, ಸೌಳ ಅಂದ್ರ ಸೋಡಿಯಂ ಕಾರ್ಬೊನೇಟ್ ಇರೂ ಮಣ್ಣು. ಅಂಗಡ್ಯಾಗಿನ ಅರಬಿ ಒಗಿಯೂ ಸೋಡಾ ಅದರದೇ ಶುದ್ಧ ರೂಪ. ಸವಳ ನೀರಿನವರು ಒಗೆಣಿ ಬಕೆಟ್‌ಗೆ ಮೊದಲ ಒಂದ ಚಮಚಾ ಇದನ್ನ ಹಾಕಿ ಆಮ್ಯಾಲೆ ಸಾಬೂನ ಹಚ್ಚ್ರಿ, ಕ್ಯಾಲ್ಸಿಯಂ ತಳಕ್ಕ ಹೋಗಿ ಸಾಬೂನಿಗೆ ನೊರಿ ಬರತೈತಿ. ರೇಶ್ಮಿಗೆ, ಉಣ್ಣೀಗೆ ಬ್ಯಾಡ, ಇಳಕಲ್ಲ ತಂಗಿ ಹೇಳ್ಯಾಳಲ್ಲ.

ಮಾಲಿಂಗಪುರ ಬೆಲ್ಲ

ಬಯೋ ಎಂಝೈಮ್ ಹಾರಿದ್ದಕ್ಕ ನಾ ಹೇಳ್ತೀನಿ. ಅಳತಿ 1:3:10. ಬೆಲ್ಲ 100 ಗ್ರಾಂ, ಸಿಪ್ಪಿ 300 ಗ್ರಾಂ, ನೀರ ಒಂದ ಲೀಟರ್, 90 ದಿವಸ. ನಮ್ಮೂರ ಹೊಳಿಯೂ ಹಳದಿ ಬೆಲ್ಲ ಇದಕ್ಕ ಹಾಳ ಮಾಡಬ್ಯಾಡ್ರಿ, ನೀರ ಬಿಟ್ಟ ಕರೇ ಬೆಲ್ಲ ಇರತೈತಲ್ಲ, ಯಾರೂ ಒಯ್ಯಂಗಿಲ್ಲ, ಅದು ಸಾಕು. ಗಾಜಿನ ಬಾಟ್ಲಿ ಬ್ಯಾಡ, ಪ್ಲಾಸ್ಟಿಕ್ ಡಬ್ಬಿ ತಗೊಂಡು ಕಾಲು ಭಾಗ ಖಾಲಿ ಬಿಡ್ರಿ. ಮೊದಲ ತಿಂಗಳ ದಿನಾ ಒಮ್ಮೆ ಮುಚ್ಚಳ ಸಡಲ ಮಾಡಿ ಗಾಳಿ ಬಿಡಬೇಕು. ವಿಜಯಪುರದ ಏಪ್ರಿಲ್ ಬಿಸಲಾಗ ಗಾಳಿ ಜೋರ ಆಗತೈತಿ, ದಿನಕ್ಕ ಎರಡ ಸಲ ಬಿಡ್ರಿ. ಮ್ಯಾಲೆ ಬಿಳೇ ಪದರ ಬಂದ್ರ ಹೆದರಬ್ಯಾಡ್ರಿ, ಕರೇ ಬೂಷ್ಟ ಬಂದು ನಾರಿದ್ರ ಚೆಲ್ರಿ. ಅಕ್ಕಾರ ನಿಮ್ಮದು ಮುಚ್ಚಳ ಬಿಗದಿಟ್ಟು ಮರತಿರಬೇಕು, ಹೌದಲ್ಲೊ?

ಗುಮ್ಮಟದ ಹಿಂದಿನ ಓಣಿ

ಮದವಿಗೆ ಹೋಗಿದ್ವಿ ರೀ ನಾಕ ದಿವಸ.

ಮಾಲಿಂಗಪುರ ಬೆಲ್ಲ

ಮತ್ತ!

ನೈಟ್ ಡ್ಯೂಟಿ (ಬೆಳಗಾವಿ)

ನಾನು ಆಸ್ಪತ್ರಿ ಸಿಸ್ಟರ್. ಒಂದ ಮಾತ. ದಿನದ ಕೊಳಿಗೆ ಇವೆಲ್ಲಾ ಆತು, ಆದ್ರ ಮನ್ಯಾಗ ಯಾರಿಗರ ವಾಂತಿ ಭೇದಿ ಹತ್ತಿದಾಗ ಸಂಡಾಸಕ್ಕ ಎಂಝೈಮ್ ಹಾಕಿ ಹಸನ ಆತು ಅಂತ ಕುಂದರಬ್ಯಾಡ್ರಿ, ವಾಸನಿ ಹೋಗಿದ್ದಕ್ಕೂ ರೋಗಾಣು ಸತ್ತಿದ್ದಕ್ಕೂ ಸಂಬಂಧ ಇಲ್ಲ. ಮೊದಲ ಸಾಬೂನ ನೀರಲೆ ತೊಳದು, ಆಮ್ಯಾಲೆ ಅವತ್ತಿನದ ಅವತ್ತ ಕಲಸಿದ ಬ್ಲೀಚಿಂಗ್ ನೀರ ಹಾಕಿ ಹತ್ತ ನಿಮಿಷ ಬಿಟ್ಟು ತೊಳೀರಿ, ಖಿಡಕಿ ತಗದಿಡ್ರಿ, ಅವತ್ತ ಹುಳಿ ಹತ್ತಿರ ತರಬ್ಯಾಡ್ರಿ. ಮತ್ತ ಕರ್ಪೂರ ಪುಡಿ ಮಾಡಿ ಬೇವಿನ ಎಣ್ಣ್ಯಾಗ ಹಾಕಿ ನೆಲಾ ಒರಸೂ ಮಂದಿ ಭಾಳ ಅದಾರ, ಸಣ್ಣ ಮಕ್ಕಳ ಬಾಯಿಗೆ ಕರ್ಪೂರ ಹೋದ್ರ ಫಿಟ್ಸ್ ಬರತಾವ, ಮ್ಯಾಲೆ ಇಡ್ರಿ.

ಸವಳ ನೀರು

ಮಾಸ್ತರ ಸರ, ರಾಡ್ ಮಾಡಿದೆ. ಇಷ್ಟ ದಿವಸ ಒಂದ ಬಕೆಟ್ ಕಾಯಲಿಕ್ಕ ಹಿಡೀತಿದ್ದ ಹೊತ್ತಿನ್ಯಾಗ ಈಗ ಬಕೆಟ್ ಕಾದು ಇಳಿಸಿ ಚಹಾನೂ ಕುಡದ್ವಿ. ತಳದಾಗ ಒಂದ ಮುಟಗಿ ಸುಣ್ಣದ ಚಕ್ಕಳ ಬಿತ್ತು, ಮಕ್ಕಳು ಅದನ್ನ ಶಾಳಿಗೆ ಒಯ್ತೀವಿ ಅಂತ ಡಬ್ಬ್ಯಾಗ ತುಂಬಿಟ್ಟಾರ.

ಗುಮ್ಮಟದ ಹಿಂದಿನ ಓಣಿ (ಮೂರ ವಾರದ ಮ್ಯಾಲೆ)

ಎಲ್ಲಾರೂ ಏನಾತು ಏನಾತು ಅಂತ ಕೇಳಲಿಕತ್ತೀರಿ, ಹೇಳ್ತೀನಿ. ಪಾಲಿಶ್‌ನವ ಬಂದು ನೋಡಿ ಹೋದ, ದೀಪಾವಳಿ ಮುಂದ ಮಾಡ್ತೀನಿ ಅಂದಾನ. ಅಲ್ಲಿ ತನಕ ಇರ್ಲಿ ಅಂತ ಚುಕ್ಕಿ ಬಿದ್ದಲ್ಲಿ ನಮ್ಮ ಮದವಿ ಜಮಖಾನಿ ಹಾಸಿ ಮ್ಯಾಲೆ ಟೀಪಾಯಿ ಇಟ್ಟೆ. ಅತ್ತಿಯವರು ಬಂದ್ರು, ಕೈಕಾಲ ತೊಳಕೊಂಡ್ರು, ಚಹಾ ಕುಡದ್ರು, ಜ್ವಾಳ ಹಸನ ಮಾಡ್ತೀನಿ ಅಂತ ಮರಾ ಹಿಡಕೊಂಡು ಸೀದಾ ಅದೇ ಜಾಗಾಕ್ಕ ಹೋಗಿ ಟೀಪಾಯಿ ಸರಸಿ ಜಮಖಾನಿ ಮಡಚಿಟ್ರು, ತಣ್ಣನ ಫರಸಿ ಮ್ಯಾಲೆ ಕುಂದರೂದು ಅವರ ರೂಢಿ, ನನಗ ಅದು ನೆನಪೇ ಆಗಿಲ್ಲ. ನಾ ಅಡಗಿ ಮನಿ ಬಾಗಲದಾಗ ನಿಂತ ಬಿಟ್ಟೆ. ಬೆರಳಲೆ ಒಂದ ಚುಕ್ಕಿ ಸವರಿದ್ರು, ಇನ್ನೊಂದ ಸವರಿದ್ರು, ‘ಇಲ್ಲೆ ಲಿಂಬಿ ಹಿಂಡೀಯೇನವಾ’ ಅಂದ್ರು.

ನಾ ಹೂಂ ಅಂದೆ. ಅವರು ಎದ್ದು ದೇವರ ಮಾಡದ ಬದಿಗಿನ ಕಾಳಿನ ಡಬ್ಬಿ ಸರಸಂದ್ರು. ಅದರ ಕೆಳಗ ತಾಟಿನಷ್ಟ ದುಂಡಗ ಒಂದ ಬೆಳ್ಳನ ಬಳಿ, ನನ್ನ ಚುಕ್ಕಿಕಿಂತ ತೆಗ್ಗ ಅದ. ಅವರು ಈ ಮನಿಗೆ ಬಂದ ಹೊಸದಾಗ ಉಪ್ಪಿನಕಾಯಿ ಭರಣಿ ಸೋರಿ ರಾತ್ರಿ ತನಕ ಯಾರೂ ನೋಡಿಲ್ಲಂತ. ಮಾವನವರಿಗೆ ಕಾಣಬಾರದಂತ ಡಬ್ಬಿ ಇಟ್ಟಿದ್ದು ಅವತ್ತಿನಿಂದ ಅಲ್ಲೇ ಅದ, ನಾನೂ ಹನ್ನೆರಡ ವರ್ಷ ಅದರ ಸುತ್ತ ಕಸಾ ಹೊಡದೀನಿ, ಒಮ್ಮಿನೂ ಸರಸಿಲ್ಲ.

ಉಳದ ಎಂಝೈಮ್ ಈಗ ಸಂಡಾಸಕ್ಕ, ಬಚ್ಚಲ ನಳಕ್ಕ ಹಾಕಲಿಕತ್ತೀವಿ, ಗ್ಯಾಸ್ ಕಟ್ಟಿ ಬದೀಗಿನ ಟೈಲ್ಸ್‌ಗೆ ನೀರ ಕೂಡಿಸಿ. ಪಡಸಾಲಿಗೆ ಸಾದಾ ನೀರ. ಮಗನ ಕೆಮ್ಮ ಕಡಿಮಿ ಅದ, ಫಿನಾಯಿಲ್ ಬಿಟ್ಟಿದ್ದಕ್ಕೋ ಮಳಿ ಆಗಿ ಧೂಳ ಕೂತಿದ್ದಕ್ಕೋ ತಿಳಿವಲ್ದು. ಹೊಸಾದೊಂದ ಡಬ್ಬಿ ಹಾಕೀನಿ, ಮಾಲಿಂಗಪುರ ಅಣ್ಣಾರ ಹೇಳಿದ ಅಳತಿಲೆ, ಕಾಲು ಭಾಗ ಖಾಲಿ ಬಿಟ್ಟು. ಮುಚ್ಚಳ ತಗಿಯೂದು ಮಾತ್ರ ನನಗ ಬಿಡವಲ್ರು ಅತ್ತಿಯವರು, ಮುಂಜಾನೆ ತುಳಸಿಗೆ ನೀರ ಹಾಕಿ ಬಂದು ತಾವ ತಿರುವತಾರ, ಟುಸ್ ಅಂದಿಲ್ಲಂದ್ರ ‘ಇವತ್ತ ಯಾಕ ಸುಮ್ಮನದ ನೋಡ ಬಾ’ ಅಂತ ನನ್ನ ಕರೀತಾರ.